ಇದು ಗಾಂಜಾ ಕಥೆನೇ ಅಲ್ಲ ರೀ

ನಮಸ್ಕಾರ. ನೀವು ಕಳಿಸಿದ ಕಥೆ ಎರಡು ಸಲ ಓದ್ದೆ. ಧಾರವಾಡದಿಂದ ಬೆಂಗಳೂರಿಗೆ ಓದೋಕೆ ಬಂದ 19ರ ಹುಡುಗ ಪಿಜಿ ಟೆರೇಸಲ್ಲಿ ಮೊದಲ ಸಲ ಗಾಂಜಾ ಸೇದ್ತಾನೆ, ಗೋಡೆ ತುಂಬಾ ಹಾವು ಕಾಣುತ್ತೆ, ಕಣ್ಣುಪಾಪೆ ಸಾಸಿವೆ ಕಾಳಷ್ಟಾಗುತ್ತೆ, ಕೊನೆಗೆ ಓವರ್‌ಡೋಸ್ ಆಗಿ ಉಸಿರು ನಿಂತು ಸಾಯ್ತಾನೆ. ಹೀಗೇ ಹಾಕೋಕಾಗಲ್ಲ, ನೇರವಾಗಿ ಹೇಳ್ಬಿಡ್ತೀನಿ. ಭಾಷೆ ಇದೆ ನಿಮ್ಮತ್ರ, ಅಮ್ಮ ಫೋನ್ ಮಾಡೋ ಸೀನಂತೂ ಸೂಪರ್, ಆದ್ರೆ ಹುಡುಗನ ಮೈಯಲ್ಲಿ ಆಗ್ತಿರೋದೆಲ್ಲ ಸಿನಿಮಾದ ಡ್ರಗ್ಸ್ ಸೀನುಗಳ ಕಲಸುಮೇಲೋಗರ.

ಪಾಪೆ ಕುಗ್ಗೋದು, ಉಸಿರು ನಿಲ್ಲೋದು ಹೆರಾಯಿನ್ ಥರದವುಗಳ ಲಕ್ಷಣ. ಗಾಂಜಾದಲ್ಲಿ ನಶೆ ಏರಿಸೋ ಟಿಎಚ್‌ಸಿ ಅನ್ನೋ ರಾಸಾಯನಿಕ ಹೋಗಿ ಕೂರೋ ರಿಸೆಪ್ಟರ್‌ಗಳು, ಅಂದ್ರೆ ಜೀವಕೋಶದ ಮೇಲೆ ಅದನ್ನ ಹಿಡ್ಕೊಳ್ಳೋ ಜಾಗಗಳು, ಮೆದುಳಲ್ಲಿ ಉಸಿರಾಟ ನೋಡ್ಕೊಳ್ಳೋ ಜಾಗದಲ್ಲಿ ತೀರಾ ಕಮ್ಮಿ. ಹಾಗಂತ ಸೇಫ್ ಅಂತ ಬರೀಬೇಡಿ ಮತ್ತೆ, ಎದೆಬಡಿತ ಜೋರಾಗುತ್ತೆ, ಹಾರ್ಟ್ ತೊಂದರೆ ಇರೋರಿಗೆ ಅದು ತಮಾಷೆಯಲ್ಲ. ಆ ರಿಸೆಪ್ಟರ್‌ಗಳು ಕಿಕ್ಕಿರಿದಿರೋದು ನೆನಪು ಕಟ್ಟೋ ಹಿಪೊಕ್ಯಾಂಪಸ್‌ನಲ್ಲಿ, ಕೈಕಾಲು ಹತೋಟಿಯಲ್ಲಿಡೋ ಸೆರೆಬೆಲ್ಲಮ್‌ನಲ್ಲಿ. ನಿಮ್ಮ ಸೀನ್ ಇರೋದೇ ಅಲ್ಲಿ! ಹಾವು ಬಿಟ್ಹಾಕಿ, ಅಮ್ಮನ ಫೋನ್ ಅದೇ ಹೊತ್ತಿಗೆ ಬರ್ಲಿ. ಕಣ್ಣು ಕೆಂಪಗಾಗಿದೆ, ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟ್ಕೊಂಡಿದೆ, ಆಕಿ "ಊಟ ಆತೇನಪಾ" ಅಂತಾಳೆ, ಇವನು ಏನೋ ಹೇಳೋಕೆ ಹೋಗಿ ಅರ್ಧಕ್ಕೆ ಬರೋಷ್ಟರಲ್ಲಿ ಮಾತು ಎಲ್ಲಿಂದ ಶುರು ಮಾಡ್ದೆ ಅನ್ನೋದೇ ಮರ್ತೋಗಿದೆ, ಎರಡು ನಿಮಿಷದ ಕಾಲ್ ಅರ್ಧ ಗಂಟೆ ಅನ್ನಿಸ್ತಿದೆ, ಅಮ್ಮಂಗೆ ಗೊತ್ತಾಗೇಬಿಡ್ತು ಅಂತ ಎದೆ ಡವಡವ. ಹಾವಿಗಿಂತ ಇದಕ್ಕೆ ನಾನು ಜಾಸ್ತಿ ಹೆದರ್ತೀನಿ.

ಗಾಂಜಾ ಹಾಕಿದ ಬ್ರೌನಿ ಕೇಕ್ ಬಾಯಿಗಿಟ್ಟ ತಕ್ಷಣ ಫ್ರೆಂಡ್ ನಗೋಕೆ ಶುರು ಮಾಡೋದೂ ತಪ್ಪು. ತಿಂದ್ರೆ ಏರೋಕೆ ಅರ್ಧ ಗಂಟೆಯಿಂದ 2 ಗಂಟೆ ಬೇಕು, ಲಿವರ್‌ನಲ್ಲಿ ಅದು ಇನ್ನೂ ಸ್ಟ್ರಾಂಗ್ ಆಗಿ ಬದಲಾಗುತ್ತೆ. ಏನೂ ಆಗ್ಲಿಲ್ಲ ಅಂತ ಇನ್ನೊಂದು ಪೀಸ್ ತಿಂದೋರೇ ಸಿಕ್ಕಾಕ್ಕೊಳ್ಳೋದು.

ಮತ್ತೆ ಅವನನ್ನ ಸಾಯಿಸಲೇಬೇಕಾ? ಒಂದೆರಡು ವರ್ಷ ದಿನಾ ಸೇದ್ಲಿ ಬಿಡಿ. ಹಾಗೆ ಸೇದೋರಲ್ಲಿ ಕೆಲವರಿಗೆ ಬಿಡದೆ ವಾಂತಿ ಶುರುವಾಗುತ್ತೆ, ಬಿಸಿನೀರು ಸುರ್ಕೊಂಡಾಗ ಮಾತ್ರ ಸ್ವಲ್ಪ ಆರಾಮ, ಪೂರ್ತಿ ಬಿಡೋವರೆಗೂ ಮತ್ತೆ ಮತ್ತೆ ಬರುತ್ತೆ. ಡಾಕ್ಟರ್ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡ್ತಾರೆ, ಇವನು ಗಂಟೆಗಟ್ಟಲೆ ಬಾತ್‌ರೂಮಲ್ಲಿ, ಹೊರಗಡೆ ಪಿಜಿ ಓನರ್ ಗೀಸರ್ ಬಿಲ್ ಹಿಡ್ಕೊಂಡು ಬಾಗಿಲು ಬಡೀತಿದ್ದಾರೆ. ನಗುನೂ ಬರುತ್ತೆ, ಹೊಟ್ಟೆನೂ ಕಿವುಚುತ್ತೆ.

ಇನ್ನೊಂದು, ಎರಡನೇ ಪುಟದಲ್ಲಿ "ತಲೆ ಸರಿಯಿಲ್ಲದ ಚಿಕ್ಕಪ್ಪ" ಅಂತ ಒಂದು ಲೈನ್ ಬರ್ದು ಆಮೇಲೆ ಅವನನ್ನ ಮರ್ತೇಬಿಟ್ಟಿದ್ದೀರಲ್ಲ, ಇಡೀ ಕಥೆಯಲ್ಲಿ ಮುಖ್ಯವಾದ ಮನುಷ್ಯ ಅವನೇ ಕಣ್ರೀ. ಮೆದುಳು ಬಲಿಯೋಕೆ ಸುಮಾರು 25 ವರ್ಷ ಬೇಕು, ಅಷ್ಟರೊಳಗೆ ಸೇದೋಕೆ ಶುರು ಮಾಡಿದ್ರೆ, ಅದರಲ್ಲೂ ಮನೆತನದಲ್ಲಿ ಸ್ಕಿಜೋಫ್ರೇನಿಯಾ ಥರದ ಮಾನಸಿಕ ಕಾಯಿಲೆ ಇದ್ರೆ, ಸೈಕೋಸಿಸ್, ಅಂದ್ರೆ ಯಾವುದು ನಿಜ ಯಾವುದು ಭ್ರಮೆ ಅನ್ನೋದೇ ತಿಳೀದಿರೋ ಸ್ಥಿತಿ, ಆಗೋ ರಿಸ್ಕ್ ಜಾಸ್ತಿ. ಎಲ್ರಿಗೂ ಆಗಲ್ಲ. ಒಂದೇ ಟೆರೇಸಲ್ಲಿ ಕೂತ ನಾಲ್ವರಲ್ಲಿ ಇವನೊಬ್ಬನಿಗೇ ಯಾಕೆ ಅನ್ನೋದಕ್ಕೆ ಚಿಕ್ಕಪ್ಪ ಬೇಕು.

ಕೊನೇಲಿ ಡಾಕ್ಟರ್ ಭಾಷಣ ಪೂರ್ತಿ ತೆಗೀರಿ. ತಿದ್ದಿ ಕಳಿಸಿ, ಓದ್ತೀನಿ, ಆದ್ರೆ ದಯವಿಟ್ಟು ಯೂನಿಕೋಡಲ್ಲಿ ಟೈಪ್ ಮಾಡಿ, ಈ ಸಲ ಒತ್ತಕ್ಷರ ಎಲ್ಲ ಕಿತ್ತೋಗಿ ಬಂದಿತ್ತು.