ರೋಮನ್ನರು ದಿನವೂ ಟೋಗಾ ಉಡುತ್ತಿದ್ದರೇ? ಉಡುಪಿಗೆ ಲ್ಯಾಟಿನ್‌ನಲ್ಲಿ ಯಾವ ಪದಗಳಿವೆ?

ಇಲ್ಲ. ಮನೆಯಲ್ಲೂ ದುಡಿಮೆಯಲ್ಲೂ ಮೈಮೇಲಿರುತ್ತಿದ್ದದ್ದು ‘ಟೂನಿಕಾ’, ಮೊಣಕಾಲಿನವರೆಗಿನ ಸರಳ ಅಂಗಿ. ‘ಟೋಗಾ’ ರೋಮನ್ ಪೌರರಿಗಷ್ಟೇ ಮೀಸಲಾದ ಭಾರಿ ಉಣ್ಣೆಬಟ್ಟೆ. ಪಿನ್ನಿಲ್ಲ, ಗುಂಡಿಯಿಲ್ಲ, ಎಡ ಹೆಗಲಿನಿಂದ ಇಳಿಸಿ, ಬಲ ತೋಳಿನ ಕೆಳಗಿಂದ ತಂದು, ಮತ್ತೆ ಎಡ ಹೆಗಲಿಗೇ ಎಸೆಯಬೇಕು. ಜಾರದಂತೆ ಹಿಡಿದುಕೊಳ್ಳುವುದೇ ಎಡಗೈಗೆ ಕೆಲಸ. ಜನ ನುಣುಚಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ರೋಮ್ ನಗರದ ಸಾರ್ವಜನಿಕ ಚೌಕವಾದ ಫೋರಮ್‌ಗೆ ಟೋಗಾ ಉಟ್ಟೇ ಬರಬೇಕೆಂದು ಚಕ್ರವರ್ತಿ ಅಗಸ್ಟಸ್ ಆಜ್ಞೆ ಹೊರಡಿಸಬೇಕಾಯಿತು.

ಟೋಗಾದಲ್ಲೂ ಬಗೆಗಳಿದ್ದವು. ನೇರಳೆ ಅಂಚಿನ ‘ಪ್ರೈಟೆಕ್ಸ್ಟಾ’ ಉನ್ನತ ಅಧಿಕಾರಿಗಳಿಗೆ ಮತ್ತು ಬಾಲಕರಿಗೆ. ಶೋಕಕ್ಕೆ ಕಡುಬಣ್ಣದ ‘ಪುಲ್ಲಾ’. ಚುನಾವಣೆಗೆ ನಿಂತವರು ಸೀಮೆಸುಣ್ಣ ತೀಡಿ ಬೆಳ್ಳಗಾಗಿಸಿದ ‘ಕ್ಯಾಂಡಿಡಾ’ ಉಡುತ್ತಿದ್ದರು. ‘ಕ್ಯಾಂಡಿಡೇಟ್’ ಹುಟ್ಟಿದ್ದು ಅಲ್ಲಿಂದಲೇ. ವಿವಾಹಿತೆಯರಿಗೆ ನೀಳವಾದ ‘ಸ್ಟೋಲಾ’. ಹೊರಗೆ ಹೊರಟರೆ ಅದರ ಮೇಲೆ ‘ಪಲ್ಲಾ’ ಎಂಬ ಹೊದಿಕೆ. ಸೆರಗಿನಂತೆ ಅದನ್ನು ತಲೆಯ ಮೇಲೂ ಎಳೆದುಕೊಳ್ಳಬಹುದಿತ್ತು.