ಮೊದಲ ಹಡಗೇ ವಿಕ್ಟರಿ ಬೇಕಾ?

ಹಳೇ ಕಾಲದ ಹಾಯಿಹಡಗುಗಳ ಮರದ ಮಾದರಿ ಕಟ್ಟುವವರಿಂದ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಒಂದೇ ಥರದವನ್ನು ಒಟ್ಟು ಸೇರಿಸಿದ್ದೇನೆ. ನಿಮ್ಮ ಪತ್ರ ಇಲ್ಲಿ ಕಾಣದಿದ್ದರೆ ಬೇಸರ ಬೇಡ, ಉತ್ತರ ಬೇರೆಯವರ ಪ್ರಶ್ನೆಯೊಳಗೆ ಸೇರಿಕೊಂಡಿರಬಹುದು.

ಪ್ರಶ್ನೆ: ನಾನು ಇಲ್ಲಿಯವರೆಗೆ ಒಂದು ದೋಣಿಯನ್ನೂ ಕಟ್ಟಿಲ್ಲ. ಕಟ್ಟಿದರೆ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ನನ ‘ವಿಕ್ಟರಿ’ಯನ್ನೇ ಕಟ್ಟಬೇಕು ಅಂತ ಆಸೆ. 1:72 ಸ್ಕೇಲಿನ ಕಿಟ್ ನೋಡಿಟ್ಟಿದ್ದೇನೆ. ತಗೊಳ್ಳಲಾ?

ಉತ್ತರ: ಬೇಡ. ಈಗಲೇ ಬೇಡ.

ನಿಮ್ಮ ಆಸೆ ಅರ್ಥವಾಗುತ್ತದೆ. 1765ರಲ್ಲಿ ನೀರಿಗಿಳಿದ ಹಡಗು, 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ನಿಂತಿದ್ದದ್ದು ಇದರ ಮೇಲೆಯೇ, ಈಗಲೂ ಪೋರ್ಟ್ಸ್‌ಮತ್‌ನಲ್ಲಿ ಹೋಗಿ ನೋಡಬಹುದು. ಆದರೆ ಸ್ವಲ್ಪ ಲೆಕ್ಕ ಹಾಕಿ. ಅದರ ಫಿರಂಗಿ ಅಟ್ಟದ ಉದ್ದ ಸುಮಾರು 57 ಮೀಟರ್. ನಿಮ್ಮ ಸ್ಕೇಲಿನಲ್ಲಿ ಅಷ್ಟೇ 79 ಸೆಂ.ಮೀ. ಆಯಿತು, ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಬೇರೆ. ನಿಜವಾದ ಹಡಗಿನಲ್ಲಿದ್ದ ಹಗ್ಗ ಸುಮಾರು 42 ಕಿಲೋಮೀಟರ್ ಅಂತ ಲೆಕ್ಕ. ಅದೆಲ್ಲವನ್ನೂ ಹಾಕುತ್ತೇನೆ ಅಂತ ಹೊರಟರೆ 580 ಮೀಟರ್‌ಗೂ ಜಾಸ್ತಿ ದಾರ ಬೇಕು. ಫಿರಂಗಿಗಳು ನೂರು ದಾಟುತ್ತವೆ. ಕೆಳಗಿನ ಅಟ್ಟಗಳಿಗೆ ಕಿಟ್‌ನವರು ಎಷ್ಟೋ ಸಲ ಬರೀ ನಳಿಗೆ ಕೊಟ್ಟು ನಿಮ್ಮ ಕಷ್ಟ ಕಡಿಮೆ ಮಾಡಿರುತ್ತಾರೆ ನಿಜ, ಆದರೂ ಮೇಲಿನವಕ್ಕೆ ಒಂದೊಂದಕ್ಕೂ ಗಾಡಿ, ಗಾಡಿಗೆ ನಾಲ್ಕು ಚಕ್ರ, ಹಿಡಿದು ಕಟ್ಟಲು ಹಗ್ಗ, ಎಳೆಯಲು ರಾಟೆ ಬೇಕೇ ಬೇಕು. ಇದರಲ್ಲಿ ಯಾವುದೂ ಮಾಡಲಾಗದ ಕೆಲಸ ಅಲ್ಲ. ತೊಂದರೆ ಇರುವುದು ಅದನ್ನೇ ಮತ್ತೆ ಮತ್ತೆ ಮಾಡುವುದರಲ್ಲಿ. ಮೊದಲ ಫಿರಂಗಿ ಮಾಡುವಾಗ ಖುಷಿಯೋ ಖುಷಿ. ಐವತ್ತನೆಯದಕ್ಕೆ ಬರುವಷ್ಟರಲ್ಲಿ ಡಬ್ಬಿ ಮಂಚದ ಕೆಳಗೆ ಹೋಗಿರುತ್ತದೆ.

ದೊಡ್ಡ ಹಡಗುಗಳ ಜೊತೆ ಇರುತ್ತಿದ್ದ ಲಾಂಗ್‌ಬೋಟ್ ಒಂದನ್ನು ಮೊದಲು ಕಟ್ಟಿ. ಒಂದೇ ಕಂಬ, ಬೆರಳೆಣಿಕೆಯಷ್ಟು ಹಗ್ಗ. ಆದರೆ ಮರ ಬಗ್ಗಿಸುವುದು, ಪಟ್ಟಿ ಸವರುವುದು, ಎರಡೂ ಬದಿ ಸಮ ತರುವುದು ಎಲ್ಲವೂ ಅದರಲ್ಲಿದೆ. ಆಮೇಲೆ ಒಂದು ಸ್ಕೂನರ್, ಅಂದರೆ ಸಾಮಾನ್ಯವಾಗಿ ಎರಡು ಕಂಬದ ಸಣ್ಣ ಹಾಯಿಹಡಗು. ಮೂರು ಕಂಬದ್ದೇ ಬೇಕು ಅನ್ನಿಸಿದರೆ ಡಾರ್ವಿನ್ ಹೋಗಿದ್ದ ‘ಬೀಗಲ್’ ಇದೆ. ನಿಜದ್ದು ಸುಮಾರು 27.5 ಮೀಟರ್, 1:64ರಲ್ಲಿ ಒಡಲು 43 ಸೆಂ.ಮೀ. ಮಾತ್ರ, ಫಿರಂಗಿಗಳ ಕಾಟವೂ ಕಡಿಮೆ. ವಿಕ್ಟರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಒಡಲಿಗೆ ಪಟ್ಟಿ ಅಂಟಿಸುತ್ತಿದ್ದೇನೆ. ನಡುವೆ ಚೆನ್ನಾಗಿ ಕೂರುತ್ತವೆ, ಮೂತಿಯ ಹತ್ತಿರ ಬಂದಾಗ ಒಂದರ ಮೇಲೊಂದು ಏರುತ್ತವೆ. ಕ್ಲಿಪ್ ಹಾಕಿ ಒತ್ತಿದರೂ ಅಂಚು ಎದ್ದು ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ಒತ್ತುವುದನ್ನು ನಿಲ್ಲಿಸಿ. ತಪ್ಪು ನಿಮ್ಮ ಕೈಯದ್ದಲ್ಲ, ಲೆಕ್ಕದ್ದು. ಈ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದ ಪತ್ರಗಳೇ ಅತಿ ಹೆಚ್ಚು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಡಗಿನ ನಡುಭಾಗ ದಪ್ಪ, ಮೂತಿ ಸಣ್ಣ. ಮೇಲಂಚಿನಿಂದ ಕೀಲ್‌ವರೆಗೆ, ಅಂದರೆ ಬುಡದ ಉದ್ದದ ತೊಲೆಯವರೆಗೆ, ಒಂದು ಕಾಗದದ ಚೂರನ್ನು ಮೈಗೆ ಅಂಟುವ ಹಾಗೆ ಹಿಡಿದು ಅಳೆಯಿರಿ. ನಡುವೆ 120 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. 5 ಮಿ.ಮೀ. ಅಗಲದ 24 ಪಟ್ಟಿ ಹಿಡಿಸುತ್ತದೆ. ಈಗ ಮೂತಿಯಲ್ಲಿ ಅಳೆದರೆ 72 ಇದೆ. ಅದೇ 24 ಪಟ್ಟಿ ಅಲ್ಲೂ ಹೋಗಬೇಕಾದರೆ ಒಂದೊಂದಕ್ಕೆ 3 ಮಿ.ಮೀ. ಮಾತ್ರ ಜಾಗ. ನೀವು ಐದರ ಪಟ್ಟಿಯನ್ನು ಮೂರರ ಜಾಗಕ್ಕೆ ತಳ್ಳುತ್ತಿದ್ದೀರಿ, ಅದು ಏರದೆ ಇನ್ನೇನು ಮಾಡುತ್ತೆ, ಹೇಳಿ?

ಹಾಗಾಗಿ ಪ್ರತಿ ಪಟ್ಟಿಯನ್ನೂ ನಡುವಿನಿಂದ ಮೂತಿಯ ಕಡೆಗೆ ಸಣ್ಣ ಮಾಡುತ್ತಾ ಹೋಗಬೇಕು. ಒಂದೊಂದು ಬಲ್ಕ್‌ಹೆಡ್ಡಿನ, ಅಂದರೆ ಒಡಲಿಗೆ ಆಕಾರ ಕೊಡುವ ಅಡ್ಡ ಹಲಗೆಯ, ಅಂಚಿನ ಮೇಲೂ ಪೆನ್ಸಿಲಿನಿಂದ 24 ಭಾಗ ಗುರುತು ಹಾಕಿಕೊಳ್ಳಿ, ಪಟ್ಟಿ ಎಲ್ಲಿ ಎಷ್ಟು ಅಗಲ ಇರಬೇಕು ಅಂತ ಆ ಗುರುತೇ ಹೇಳುತ್ತದೆ. ಒಂದು ಮಿತಿ ಇದೆ. ಪಟ್ಟಿಯ ತುದಿ ಅದರ ಪೂರ್ತಿ ಅಗಲದ ಅರ್ಧಕ್ಕಿಂತ ಕಡಿಮೆ ಆಗಬಾರದು. ಅರ್ಧಕ್ಕಿಂತ ಕಡಿಮೆ ಬರುತ್ತಿದೆ ಅಂದರೆ ಅಲ್ಲಿ ಎರಡು ಪಟ್ಟಿಗಳನ್ನು ಒಂದರಲ್ಲಿ ಸೇರಿಸಿಬಿಡಿ. ನಿಜವಾದ ಹಡಗು ಕಟ್ಟುವವರೂ ಹೀಗೇ ಮಾಡುತ್ತಿದ್ದರು, ಏಕೆಂದರೆ ಚೂಪಾದ ತುದಿಯಲ್ಲಿ ಮೊಳೆ ನಿಲ್ಲುವುದಿಲ್ಲ. ಹಿಂಭಾಗದಲ್ಲಿ ಕಥೆ ಉಲ್ಟಾ. ಅಲ್ಲಿ ಜಾಗ ಅಗಲವಾಗುತ್ತಾ ಹೋಗಬಹುದು, ಆಗ ನಡುವೆ ಬೆಣೆಯಾಕಾರದ ಚೂರು ಸೇರಿಸುತ್ತಾರೆ. ಅಷ್ಟೇ.

ಪಟ್ಟಿ ಹಾಕುವ ಮೊದಲು ಬಲ್ಕ್‌ಹೆಡ್‌ಗಳ ಅಂಚನ್ನು ಓರೆಯಾಗಿ ಉಜ್ಜಿದ್ದೀರಾ ಅನ್ನುವುದು ಇನ್ನೊಂದು ಸಂಶಯ. ಪತ್ರದಲ್ಲಿ ಆ ಮಾತೇ ಇಲ್ಲ. ಉಜ್ಜದೆ ಬಿಟ್ಟರೆ ಪಟ್ಟಿ ಬರೀ ಒಂದು ಮೂಲೆಯ ಮೇಲೆ ಕೂರುತ್ತದೆ. ಒಂದು ಉದ್ದದ ಪಟ್ಟಿಯನ್ನು ಐದಾರು ಬಲ್ಕ್‌ಹೆಡ್‌ಗಳ ಮೇಲೆ ಅಡ್ಡ ಹಿಡಿದು ಬೆಳಕಿಗೆ ಒಡ್ಡಿ. ಸಂದಿನಲ್ಲಿ ಬೆಳಕು ಕಂಡರೆ ಆ ಜಾಗ ತಗ್ಗು, ಅಲ್ಲಿಗೆ ತೆಳುವಾದ ಚೂರು ಅಂಟಿಸಿ ಉಜ್ಜಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಕೆಟ್ಟ ಒಡಲನ್ನು ಮೇಲಿನ ಬಣ್ಣ, ಹಗ್ಗ ಯಾವುದೂ ಮುಚ್ಚುವುದಿಲ್ಲ.

ಬಗ್ಗಿಸುವ ಬಗ್ಗೆಯೂ ಒಂದು ಮಾತು. ಮರವನ್ನು ಬಗ್ಗುವಂತೆ ಮಾಡುವುದು ಮುಖ್ಯವಾಗಿ ಬಿಸಿ. ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಿಸಿಗೆ ಮೆತ್ತಗಾಗುತ್ತದೆ. ಬಿಸಿನೀರಲ್ಲಿ ನೆನೆಸಿ, ರೂಪಕ್ಕೆ ಬಗ್ಗಿಸಿ ಕ್ಲಿಪ್ ಹಾಕಿ, ಪೂರ್ತಿ ಒಣಗಿದ ಮೇಲೆ ತೆಗೆದು ಅಂಟಿಸಿ. ಒದ್ದೆ ಇರುವಾಗಲೇ ಅಂಟಿಸಿದರೆ ಉಬ್ಬಿದ ಮರ ಒಣಗಿ ಕುಗ್ಗುತ್ತದೆ, ಪಟ್ಟಿಗಳ ನಡುವೆ ಸಂದು ಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಿ. ಒಂದೇ ಬದಿ ಮುಗಿಸಿದರೆ ಕೀಲ್ ಸೊಟ್ಟಗಾಗುತ್ತದೆ.

ನಿಮ್ಮದು ಎರಡು ಪದರದ ಕಿಟ್ ಆಗಿದ್ದರೆ ಈಗ ಆಗಿರುವುದನ್ನು ಕಿತ್ತು ಹಾಕಬೇಡಿ. ಎದ್ದದ್ದನ್ನು ಉಜ್ಜಿ, ತಗ್ಗಿಗೆ ಫಿಲ್ಲರ್ ತುಂಬಿ. ಲೆಕ್ಕವನ್ನು ಎರಡನೇ ಪದರಕ್ಕೆ ಹಾಕಿ, ಕಾಣುವುದು ಅದೇ.

ಪ್ರಶ್ನೆ: ನನಗೆ 13 ವರ್ಷ. ನನ್ನ ಹತ್ತಿರ ಯಂತ್ರ ಒಂದೂ ಇಲ್ಲ. ಚಾಕುವಿನಲ್ಲೇ ಹಡಗು ಮಾಡಬಹುದಾ?

ಉತ್ತರ: ಮಾಡಬಹುದು ಪುಟ್ಟಾ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಕೈದಿಗಳು ಇಂಗ್ಲೆಂಡಿನ ಸೆರೆಯಲ್ಲಿ ಕೂತು, ತಮಗೆ ಕೊಟ್ಟ ಮಾಂಸದಲ್ಲಿ ಉಳಿದ ಮೂಳೆಯನ್ನು ಕೆತ್ತಿ ಹಡಗು ಮಾಡಿ ಮಾರುತ್ತಿದ್ದರು. ಕೈಗೆ ಸಿಕ್ಕ ಸಣ್ಣಪುಟ್ಟ ಸಾಧನ ಬಿಟ್ಟರೆ ಅವರ ಹತ್ತಿರ ಏನೂ ಇರಲಿಲ್ಲ. ಆ ಹಡಗುಗಳು ಇವತ್ತು ಮ್ಯೂಸಿಯಂಗಳಲ್ಲಿವೆ. ನಿನಗೆ ಬೇಕಾದದ್ದು ಬ್ಲೇಡ್ ಬದಲಿಸಬಹುದಾದ ಒಂದು ಚಾಕು, ಸಣ್ಣ ಹಲ್ಲಿನ ಗರಗಸ, ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್, ಒಂದು ಚಿಮಟ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಕಡ್ಡಿಗೆ ಅಂಟಿಸಿದ ಸ್ಯಾಂಡ್‌ಪೇಪರ್. ಬ್ಲೇಡ್ ಮೊಂಡಾದ ತಕ್ಷಣ ಬದಲಿಸು. ಮೊಂಡು ಬ್ಲೇಡಿಗೆ ಜೋರು ಹಾಕಬೇಕಾಗುತ್ತದೆ, ಜಾರಿದರೆ ಬೆರಳಿಗೇ ಬರುತ್ತದೆ. ಮೊದಲ ಕೆಲವು ಸಲ ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ.

ಪ್ರಶ್ನೆ: ಸ್ವೀಡನ್ನಿನ ‘ವಾಸಾ’ ಹಡಗಿನ ಹಳೇ ಮಾದರಿಗಳಲ್ಲಿ ಹಿಂಭಾಗ ನೀಲಿ, ಹೊಸದರಲ್ಲಿ ಕೆಂಪು. ಯಾವುದು ಸರಿ? ಅದರ ತಳಕ್ಕೆ ತಾಮ್ರದ ತಗಡು ಹಾಕಿದರೆ ಚೆನ್ನಾಗಿ ಕಾಣುತ್ತೆ ಅಂತಲೂ ಅನ್ನಿಸುತ್ತಿದೆ.

ಉತ್ತರ: ಕೆಂಪು. ವಾಸಾ 1628ರ ಆಗಸ್ಟ್ 10ರಂದು, ಮೊದಲ ಪಯಣದಲ್ಲೇ, ಸ್ಟಾಕ್‌ಹೋಮ್ ಬಂದರು ದಾಟುವ ಮೊದಲೇ ಮುಳುಗಿತು. ಮೇಲ್ಭಾರ ಜಾಸ್ತಿ, ಗಾಳಿ ಬೀಸಿ ವಾಲಿದಾಗ ಕೆಳಗಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹಡಗುಹುಳ ಅಲ್ಲಿ ಬದುಕುವುದಿಲ್ಲ, ಹಾಗಾಗಿ 1961ರಲ್ಲಿ ಎತ್ತಿದಾಗ ಹಡಗು ಹೆಚ್ಚುಕಡಿಮೆ ಇಡಿಯಾಗಿಯೇ ಸಿಕ್ಕಿತು. ಮೊದಮೊದಲು ಎಲ್ಲರೂ ನೀಲಿ ಮತ್ತು ಚಿನ್ನದ ಬಣ್ಣ ಅಂದುಕೊಂಡಿದ್ದರು. ಆಮೇಲೆ ಮರದ ಮೇಲೆ ಉಳಿದಿದ್ದ ಬಣ್ಣದ ಕಣಗಳನ್ನು ಪರೀಕ್ಷೆ ಮಾಡಿದಾಗ ಹಿನ್ನೆಲೆ ಕೆಂಪು, ಹಡಗಿನ ಮೇಲೆ ಕೆತ್ತಿದ ಗೊಂಬೆಗಳಿಗೆಲ್ಲ ಢಾಳಾದ ಬಗೆಬಗೆಯ ಬಣ್ಣ ಅಂತ ಗೊತ್ತಾಯಿತು. ನಮ್ಮ ಕಣ್ಣಿಗೆ ಅತಿ ಅನ್ನಿಸುವಷ್ಟು ಬಣ್ಣ. ಬಳಿಯುವಾಗ ಧೈರ್ಯ ಮಾಡಿ.

ತಾಮ್ರ ಮಾತ್ರ ಖಂಡಿತ ಬೇಡ. ಬ್ರಿಟಿಷ್ ನೌಕಾಪಡೆ ‘ಅಲಾರ್ಮ್’ ಅನ್ನುವ ಹಡಗಿನ ತಳಕ್ಕೆ ತಾಮ್ರ ಹೊದಿಸಿ ಪರೀಕ್ಷೆ ಮಾಡಿದ್ದೇ 1761ರಲ್ಲಿ. ವಾಸಾ ಮುಳುಗಿ ಅಷ್ಟರಲ್ಲಿ 130 ವರ್ಷ ಆಗಿಹೋಗಿತ್ತು. 1620ರ ‘ಮೇಫ್ಲವರ್’ಗೆ ತಾಮ್ರ ಹಾಕಬಹುದಾ ಅಂತ ಕೇಳಿದವರಿಗೂ ಇದೇ ಉತ್ತರ.

ಹಾಗೇ ಇನ್ನೊಬ್ಬರು ಕೊಲಂಬಸ್ಸನ ‘ಸಾಂತಾ ಮರಿಯಾ’ದ ಎರಡು ನಕ್ಷೆ ಇಟ್ಟುಕೊಂಡು ಯಾವುದು ಅಸಲಿ ಅಂತ ಕೇಳಿದ್ದಾರೆ. ಎರಡೂ ಅಲ್ಲ. 1492ರ ಕ್ರಿಸ್‌ಮಸ್ ಹೊತ್ತಿಗೆ ಅದು ನೆಲಕ್ಕೆ ಸಿಕ್ಕಿ ಒಡೆಯಿತು, ಮರವನ್ನು ಕೋಟೆ ಕಟ್ಟಲು ಬಳಸಿದರು, ನಕ್ಷೆ ಅಂತ ಒಂದೂ ಉಳಿದಿಲ್ಲ. ಎಲ್ಲವೂ ತಿಳಿದವರ ಊಹೆ. ನಿಮಗೆ ಇಷ್ಟವಾದ ಊಹೆಯನ್ನು ಕಟ್ಟಿ, ಯಾರೂ ತಪ್ಪು ಅನ್ನಲಾರರು.

ಪ್ರಶ್ನೆ: ನಕ್ಷೆಯಲ್ಲಿ 6 ಇಂಚಿನ ಹಗ್ಗ ಅಂತಿದೆ. 1:64ಕ್ಕೆ ಲೆಕ್ಕ ಹಾಕಿದರೆ 2.4 ಮಿ.ಮೀ. ಬರುತ್ತಿದೆ, ಹಾಕಿ ನೋಡಿದರೆ ಹಡಗಿಗೆ ಹಾವು ಸುತ್ತಿದ ಹಾಗಿದೆ. ಹಗ್ಗದ ಮೆಟ್ಟಿಲುಗಳನ್ನು ಕಟ್ಟಿದ ಮೇಲೆ ಪಕ್ಕದ ಹಗ್ಗಗಳೆಲ್ಲ ಒಳಕ್ಕೆ ಬಾಗಿವೆ.

ಉತ್ತರ: ಆ 6 ಇಂಚು ದಪ್ಪ ಅಲ್ಲ, ಸುತ್ತಳತೆ! ಹಡಗಿನವರು ಹಗ್ಗವನ್ನು ಸುತ್ತಳತೆಯಲ್ಲೇ ಅಳೆಯುತ್ತಿದ್ದರು. 3.14ರಿಂದ ಭಾಗಿಸಿ. ದಪ್ಪ 1.9 ಇಂಚು, ನಿಮ್ಮ ಸ್ಕೇಲಿಗೆ ಮುಕ್ಕಾಲು ಮಿ.ಮೀ. ಆಯಿತಲ್ಲ. ಬಣ್ಣದಲ್ಲೂ ವ್ಯತ್ಯಾಸ ಇರಲಿ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಟಾರು ಬಳಿಯುತ್ತಿದ್ದರು, ಅವು ಕಪ್ಪಗಿರಬೇಕು. ಹಾಯಿ ಎಳೆಯುವ, ಬಿಡುವ ಹಗ್ಗಗಳು ನಾರಿನ ಬಣ್ಣದವು.

ಮೆಟ್ಟಿಲಿಗೆ ಬಂದರೆ, ನೀವು ಗಂಟನ್ನು ಎಳೆದು ಕಟ್ಟುತ್ತಿದ್ದೀರಿ. ಒಂದೊಂದು ಗಂಟೂ ಕೂದಲೆಳೆಯಷ್ಟು ಒಳಕ್ಕೆ ಎಳೆದರೂ ಮೂವತ್ತು ಸಾಲು ಮುಗಿಯುವಾಗ ನಡು ಸಣ್ಣಗಾಗಿರುತ್ತದೆ. ಕಾಗದದ ಮೇಲೆ ಸರಿಯಾದ ಅಂತರಕ್ಕೆ ಗೆರೆ ಎಳೆದು ಹಗ್ಗಗಳ ಹಿಂದೆ ಸಿಕ್ಕಿಸಿ. ನಿಜದಲ್ಲಿ ಮೆಟ್ಟಿಲಿನ ಅಂತರ ಸುಮಾರು 35 ಸೆಂ.ಮೀ., ಅಂದರೆ ನಿಮಗೆ ಐದೂವರೆ ಮಿ.ಮೀ. ಮೊದಲು ಐದು ಸಾಲಿಗೊಂದು ಕಟ್ಟಿ, ಹಗ್ಗಗಳು ನೆಟ್ಟಗಿವೆಯಾ ನೋಡಿ, ಆಮೇಲೆ ನಡುವಿನವನ್ನು ತುಂಬಿ. ಗಂಟು ಕ್ಲೋವ್ ಹಿಚ್ (ಎರಡು ಸುತ್ತು ಹಾಕಿ ತುದಿ ಸಿಕ್ಕಿಸುವ ಗಂಟು), ಸಡಿಲವಾಗಿ ಕೂರಲಿ, ನೀರು ಬೆರೆಸಿದ ಅಂಟಿನ ಒಂದು ಹನಿ ಮುಟ್ಟಿಸಿ, ಒಣಗಿದ ಮೇಲಷ್ಟೇ ತುದಿ ಕತ್ತರಿಸಿ. ಅಂತರ ಸರಿಯಿದೆಯಾ ಅಂತ ಸಂಶಯ ಬಂದರೆ 26 ಮಿ.ಮೀ. ಎತ್ತರದ ಒಬ್ಬ ರಟ್ಟಿನ ನಾವಿಕನನ್ನು ಕತ್ತರಿಸಿ ಅಲ್ಲಿ ನಿಲ್ಲಿಸಿ. ಅವನು ಹತ್ತಲಾರ ಅನ್ನಿಸಿದರೆ ನಿಮ್ಮ ಮೆಟ್ಟಿಲು ತಪ್ಪು. ಬಾಗಿಲು, ಏಣಿ, ಚುಕ್ಕಾಣಿ ಚಕ್ರ ಎಲ್ಲಕ್ಕೂ ಇವನೇ ತೀರ್ಪುಗಾರ, ಮೇಜಿನ ಮೇಲೇ ಇಟ್ಟುಕೊಳ್ಳಿ.

ಪ್ರಶ್ನೆ: ಹಾಯಿ ಹಾಕಬೇಕಾ, ಬೇಡವಾ?

ಉತ್ತರ: ನನ್ನನ್ನು ಕೇಳಿದರೆ ಬೇಡ. ಅಷ್ಟು ಕಷ್ಟಪಟ್ಟು ಕಟ್ಟಿದ ಹಗ್ಗವನ್ನೆಲ್ಲ ಬಟ್ಟೆ ಮುಚ್ಚಿಬಿಡುತ್ತದೆ. ಹಾಕಲೇಬೇಕು ಅನ್ನುವವರು ಹೊಲಿಗೆ ಯಂತ್ರವನ್ನು ದೂರ ಇಡಿ. 2 ಮಿ.ಮೀ.ನ ಒಂದು ಹೊಲಿಗೆ 1:64ರಲ್ಲಿ ಸುಮಾರು 13 ಸೆಂ.ಮೀ. ಹೊಲಿಗೆಗೆ ಸಮ, ಅಂಥ ಹಾಯಿಯನ್ನು ಯಾರೂ ಸಮುದ್ರಕ್ಕೆ ಒಯ್ದಿಲ್ಲ. ತೆಳು ಬಟ್ಟೆಯ ಮೇಲೆ ಒಂಬತ್ತೂವರೆ ಮಿ.ಮೀ.ಗೊಂದು ಪೆನ್ಸಿಲ್ ಗೆರೆ ಎಳೆದರೆ ಸಾಕು, ನಿಜವಾದ ಹಾಯಿಬಟ್ಟೆಯ ಅಗಲ ಸುಮಾರು 2 ಅಡಿ. ಸುತ್ತಿಟ್ಟ ಹಾಯಿ ಮಾಡುವುದಾದರೆ ಬಟ್ಟೆಯ ಎತ್ತರವನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಇಲ್ಲದಿದ್ದರೆ ಹಾಸಿಗೆ ಸುತ್ತಿಟ್ಟಂತೆ ಕಾಣುತ್ತದೆ.

ಪ್ರಶ್ನೆ: ನಮ್ಮ ಮಾವ ಕಟ್ಟಿದ ಹಡಗು ಗಾಜಿನ ಪೆಟ್ಟಿಗೆಯಲ್ಲಿದೆ. ಫಿರಂಗಿ, ಲಂಗರುಗಳ ಮೇಲೆ ಬಿಳಿ ಪುಡಿ ಬರುತ್ತಿದೆ. ಒರೆಸಿದರೆ ಮತ್ತೆ ಬರುತ್ತದೆ.

ಉತ್ತರ: ಒರೆಸಬೇಡಿ, ಊದಬೇಡಿ, ಉಜ್ಜಲೇಬೇಡಿ. ಆ ಭಾಗಗಳು ಸೀಸದವು ಅಂತ ಕಾಣುತ್ತದೆ. ಹಾಗಿದ್ದರೆ ಆ ಪುಡಿ ಸೀಸದ ಕಾರ್ಬೊನೇಟ್, ವಿಷ. ಮುಚ್ಚಿದ ಪೆಟ್ಟಿಗೆಯೊಳಗೆ ಮರದಿಂದ, ಅದರಲ್ಲೂ ಓಕ್ ಮರದಿಂದ, ಅಸಿಟಿಕ್ ಆಮ್ಲದ ಆವಿ ಸ್ವಲ್ಪ ಸ್ವಲ್ಪವೇ ಬರುತ್ತಿರುತ್ತದೆ, ಅದು ಸೀಸವನ್ನು ತಿನ್ನುತ್ತದೆ. ಗಾಜು ಕೂರಿಸಲು ವಿನೆಗರ್ ವಾಸನೆಯ ಸಿಲಿಕೋನ್ ಬಳಸಿದ್ದರೆ ಇನ್ನೂ ಬೇಗ. ಕೈಗವಸು, ಮಾಸ್ಕ್ ಹಾಕಿಕೊಂಡು ಆ ಭಾಗಗಳನ್ನು ತೆಗೆದು, ಬದಲಿಗೆ ಹಿತ್ತಾಳೆಯವನ್ನೋ ತವರದ ಮಿಶ್ರಲೋಹದವನ್ನೋ ಹಾಕಿ. ಪೆಟ್ಟಿಗೆಯ ತಳದಲ್ಲೂ ಮೇಲ್ಗಡೆಯೂ ಗಾಳಿಯಾಡಲು ಸಣ್ಣ ತೂತುಗಳಿರಲಿ.

ಭಾಗಗಳನ್ನು ಬಿಡಿಸುವಾಗ ಜೋರು ಮಾಡಬೇಡಿ. ಬಿಳಿ ಅಂಟಿನಲ್ಲಿ ಕೂರಿಸಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್‌ನಿಂದ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಮೆತ್ತಗಾಗುತ್ತದೆ. ಸೂಪರ್‌ಗ್ಲೂ ಆದರೆ ಅಸಿಟೋನ್ ಬೇಕು, ಅದು ಬಣ್ಣ, ವಾರ್ನಿಶ್ ಎರಡನ್ನೂ ಎಬ್ಬಿಸುತ್ತದೆ, ಆದ್ದರಿಂದ ಕಾಣದ ಜಾಗದಲ್ಲಿ ಮೊದಲು ಹಚ್ಚಿ ನೋಡಿ.