ಕಾಗದದ ಕಾರಿಗೂ ಏಳು ಜನ ಹತ್ತಬೇಕು

ಆನ್‌ಲೈನ್‌ನಲ್ಲಿ ನಡೆಯುವ ಕಾಲ್ಪನಿಕ ಕಾರು ಸ್ಪರ್ಧೆಗಳ ಬಗ್ಗೆಯೇ ಈ ಸಲ ಹೆಚ್ಚು ಪ್ರಶ್ನೆಗಳು ಬಂದಿವೆ. ಒಬ್ಬರು ಒಂದು ಕುಟುಂಬದ ಬೇಡಿಕೆ ಬರೆದು ಹಾಕುತ್ತಾರೆ. ಉಳಿದವರು ಇಲ್ಲದ ಕಂಪನಿಯ ಇಲ್ಲದ ಕಾರೊಂದನ್ನು ಎಂಜಿನ್ನಿನಿಂದ ಸೀಟಿನ ಬಟ್ಟೆಯವರೆಗೆ ಲೆಕ್ಕಹಾಕಿ ಕಳಿಸುತ್ತಾರೆ. ಬೇಡಿಕೆ ಬರೆದವರೇ ತೀರ್ಪು ಕೊಡುತ್ತಾರೆ. ಕೆಲವರು ‘ಆಟೋಮೇಷನ್’ ಎಂಬ ಕಂಪ್ಯೂಟರ್ ಆಟದಲ್ಲಿ ಕಾರು ಕಟ್ಟುತ್ತಾರೆ, ಕೆಲವರು ಚಿತ್ರ ಮತ್ತು ಲೆಕ್ಕದ ಹಾಳೆಯಷ್ಟೇ ಕಳಿಸುತ್ತಾರೆ. ಇಬ್ಬರಿಗೂ ಒದಗುವಂತೆ ಉತ್ತರಿಸಿದ್ದೇವೆ.

ಪ್ರಶ್ನೆ: ಅಜ್ಜ, ಅಜ್ಜಿ, ಗಂಡ, ಹೆಂಡತಿ, ಮೂವರು ಮಕ್ಕಳಿಗೆ 4 ಮೀಟರ್ ಒಳಗಿನ ಕಾರು ಕೇಳಿದ್ದರು. ನನ್ನ ಕಾರಿನ ಉದ್ದ 3990 ಮಿ.ಮೀ., ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2450, ಏಳು ಜನ ಕೂತಾಗಲೂ ಡಿಕ್ಕಿ 300 ಲೀಟರ್. ‘ಇದು ಆಗದ ಮಾತು’ ಎಂದು ಮೊದಲ ಸುತ್ತಿನಲ್ಲೇ ತೆಗೆದರು. ತಪ್ಪು ಎಲ್ಲಿದೆ?
— ಓದುಗರು, ಶಿಡ್ಲಘಟ್ಟ

ಉತ್ತರ: ತೀರ್ಪುಗಾರರು ಸರಿಯಾಗಿಯೇ ನೋಡಿದ್ದಾರೆ. ಉದ್ದವನ್ನು ಮನೆಖರ್ಚಿನ ಹಾಗೆ ಹಂಚಿ ನೋಡಿ. ಮುಂದಿನ ಬಂಪರಿನಿಂದ ಪೆಡಲ್‌ವರೆಗೆ, ಎಂಜಿನ್ನು ಅಡ್ಡಲಾಗಿ ಕೂತರೂ, 1100 ಮಿ.ಮೀ. ಬೇಕು. ಅಲ್ಲಿಂದ ಡ್ರೈವರ್ ಸೊಂಟಕ್ಕೆ 820. ಡ್ರೈವರ್ ಸೊಂಟದಿಂದ ಎರಡನೇ ಸಾಲಿನವರ ಸೊಂಟಕ್ಕೆ 760, ಅಲ್ಲಿಂದ ಮೂರನೇ ಸಾಲಿಗೆ 690. ಮೂರನೇ ಸಾಲಿನವರ ಸೊಂಟದ ಹಿಂದೆ ಬೆನ್ನೊರಗು ಮತ್ತು ತಲೆಯೊರಗಿಗೆ 320. ಕೂಡಿದರೆ 3690. ಉಳಿದದ್ದು 300. ಅದರಲ್ಲಿ ಹಿಂಬಾಗಿಲು, ಲಾಕು, ಬಂಪರಿನ ಲೋಹದ ಪಟ್ಟಿ ಸೇರಿ 160 ಹೋಗುತ್ತದೆ. ಸಾಮಾನಿಗೆ ಸಿಗುವ ಆಳ 140 ಮಿ.ಮೀ. ಒಂದು ಮೀಟರ್ ಅಗಲ, 60 ಸೆಂ.ಮೀ. ಎತ್ತರ ಎಂದುಕೊಂಡರೆ 84 ಲೀಟರ್. 2019ರಲ್ಲಿ ಬಂದ ಏಳು ಸೀಟಿನ ರೆನೋ ಟ್ರೈಬರ್ ಕಾರಿನಲ್ಲಿ ಏಳೂ ಸೀಟು ಎತ್ತಿದಾಗ ಕಂಪನಿ ಹೇಳುವ ಜಾಗವೂ 84 ಲೀಟರೇ. ಅದರ ಉದ್ದವೂ 3990. ನಿಮ್ಮ 300 ಲೀಟರಿಗೆ 50 ಸೆಂ.ಮೀ. ಆಳ ಬೇಕು. ಸಾಲದ 36 ಸೆಂ.ಮೀ. ಯಾರದೋ ಮೊಣಕಾಲಿನ ಜಾಗದಿಂದ ಬಂದಿದೆ, ಅದನ್ನು ನೀವು ಬರೆದಿಲ್ಲ.

ಎರಡನೆಯ ತಪ್ಪು ವೀಲ್‌ಬೇಸ್. ಮುಂದಿನ ಚಕ್ರದ ನಡು ಬಂಪರಿನಿಂದ 780 ಮಿ.ಮೀ. ಹಿಂದಿದ್ದರೆ, 2450 ವೀಲ್‌ಬೇಸಿನಲ್ಲಿ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) 3230ರಲ್ಲಿ ಬೀಳುತ್ತದೆ. ಮೂರನೇ ಸಾಲಿನವರ ಸೊಂಟ ಇರುವುದು 3370ರಲ್ಲಿ, ಅಂದರೆ ಆಕ್ಸಲ್‌ಗಿಂತಲೂ ಹಿಂದೆ. ಚಕ್ರದ ಗೂಡು ಎರಡೂ ಬದಿಯಿಂದ ಒಳಗೆ ನುಗ್ಗಿ, ಇಬ್ಬರು ಕೂರುವ ಕಡೆ ಒಂದೂವರೆ ಜನದ ಅಗಲವೂ ಉಳಿಯುವುದಿಲ್ಲ. ಟ್ರೈಬರ್‌ನ ವೀಲ್‌ಬೇಸ್ 2636. ಅದೇ ಲೆಕ್ಕದಲ್ಲಿ ಆಕ್ಸಲ್ 3416ಕ್ಕೆ ಹೋಗಿ, ಸೊಂಟ ಅದರ ಮುಂದಕ್ಕೆ ಬರುತ್ತದೆ. ಚಕ್ರಗಳನ್ನು ಮೂಲೆಗೆ ತಳ್ಳದೆ ಸಣ್ಣ ಕಾರಿನಲ್ಲಿ ಮೂರು ಸಾಲು ಕೂರುವುದಿಲ್ಲ.

ಟಯರನ್ನೂ ನೋಡಿ, ಇದನ್ನು ಹತ್ತರಲ್ಲಿ ಎಂಟು ಜನ ಮರೆಯುತ್ತಾರೆ. ಖಾಲಿ ಗಾಡಿ 1050 ಕಿಲೋ, ಏಳು ಜನಕ್ಕೆ ತಲಾ 75ರಂತೆ 525, ಸಾಮಾನು ಸೇರಿ 1700 ಎನ್ನಿ. ಏಳು ಜನ ಕೂತಾಗ ಭಾರದಲ್ಲಿ ಶೇ. 56ರಷ್ಟು ಹಿಂದಕ್ಕೆ ಬಿದ್ದರೆ ಹಿಂದಿನ ಆಕ್ಸಲ್ ಮೇಲೆ 952 ಕಿಲೋ. ಟಯರಿನ ಭಾರಸೂಚಿ 81 ಆಗಿದ್ದರೆ ಒಂದು ಟಯರ್ ಹೊರುವುದು 462 ಕಿಲೋ, ಎರಡು ಸೇರಿ 924. ಸಾಲದು. 185/65 ಆರ್ 15 ಅಳತೆಯಲ್ಲಿ 88ರ ಸೂಚಿ ಸಿಗುತ್ತದೆ: ತಲಾ 560, ಎರಡಕ್ಕೆ 1120. ಇದು ಸರಿ. ಸ್ಟೆಪ್ನಿ ಎಲ್ಲಿ, ಪೆಟ್ರೋಲ್ ಟ್ಯಾಂಕ್ ಎಲ್ಲಿ ಎಂಬುದನ್ನೂ ಚಿತ್ರದಲ್ಲಿ ಗುರುತಿಸಿ. ಟ್ಯಾಂಕಿಗೆ ಎರಡನೇ ಸಾಲಿನ ಕೆಳಗಿನ ಜಾಗವೇ ಒಳ್ಳೆಯದು.

ಪ್ರಶ್ನೆ: 73 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 72 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ನಾಲ್ಕು ಸಿಲಿಂಡರ್, ಹೆಚ್ಚು ಗಾಳಿ ತುಂಬುವ ಟರ್ಬೊ ಇಲ್ಲ. 110 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) 120 ಪಿ.ಎಸ್. (ಅಶ್ವಶಕ್ತಿ). ಬೇಡಿಕೆಯಲ್ಲಿ ತೆರಿಗೆ ಸೇರಿ 9 ಲಕ್ಷ ಮಿತಿ ಇತ್ತು, ನಾನು 8.85 ಎಂದು ಬರೆದಿದ್ದೆ. ‘ಬೆಲೆಯೂ ತಪ್ಪು, ಶಕ್ತಿಯೂ ತಪ್ಪು’ ಎಂದಿದ್ದಾರೆ.
— ಓದುಗರು, ಮುಳಬಾಗಿಲು

ಉತ್ತರ: ಬೋರಿನ ಅರ್ಧದ ವರ್ಗವನ್ನು 3.1416ರಿಂದ, ಆಮೇಲೆ ಸ್ಟ್ರೋಕಿನಿಂದ, ಆಮೇಲೆ ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು 1000ರಿಂದ ಭಾಗಿಸಿ. ನಿಮ್ಮದು 1205 ಸಿ.ಸಿ. ಆಗುತ್ತದೆ. ನಮ್ಮಲ್ಲಿ ಸಣ್ಣ ಪೆಟ್ರೋಲ್ ಕಾರು ಎನಿಸಿಕೊಳ್ಳಲು ಉದ್ದ 4000 ಮಿ.ಮೀ. ಮೀರಬಾರದು, ಎಂಜಿನ್ನು 1200 ಸಿ.ಸಿ. ಮೀರಬಾರದು. ಡೀಸೆಲ್‌ಗೆ ಮಿತಿ 1500. 2025ರ ಸೆಪ್ಟೆಂಬರ್ 22ರಿಂದ ಈ ಮಿತಿಯೊಳಗಿನ ಕಾರಿಗೆ ಜಿಎಸ್‌ಟಿ ಶೇ. 18, ಮೀರಿದರೆ ಶೇ. 40. ತೆರಿಗೆಗೆ ಮುಂಚಿನ ಬೆಲೆ 7.5 ಲಕ್ಷವಾದರೆ ಮೊದಲನೆಯದಕ್ಕೆ 8.85 ಲಕ್ಷ, ಎರಡನೆಯದಕ್ಕೆ 10.5 ಲಕ್ಷ. ಐದು ಸಿ.ಸಿ.ಗೆ ಆ ಕುಟುಂಬ ತೆರಬೇಕಾದದ್ದು 1.65 ಲಕ್ಷ. ಸ್ಟ್ರೋಕನ್ನು 71.5ಕ್ಕೆ ಇಳಿಸಿ, 1197 ಸಿ.ಸಿ. ಆಗುತ್ತದೆ. ಅರ್ಧ ಮಿಲಿಮೀಟರ್ ಸಾಕು.

ಶಕ್ತಿಯ ಲೆಕ್ಕ ಇನ್ನೂ ಸುಲಭ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 110 ಟಾರ್ಕ್ 6000ದವರೆಗೂ ಕುಗ್ಗದೆ ನಿಂತರೂ 69 ಕಿಲೋವ್ಯಾಟ್, ಅಂದರೆ 94 ಪಿ.ಎಸ್. ಅದಕ್ಕಿಂತ ಮೇಲೆ ಹೋಗಲು ದಾರಿಯೇ ಇಲ್ಲ. ಮೇಲಿನ ಆರ್‌ಪಿಎಂನಲ್ಲಿ ಟಾರ್ಕ್ ಇಳಿಯುವುದರಿಂದ 85ರ ಆಸುಪಾಸು ಬರೆದರೆ ನಂಬಬಹುದು. ಟರ್ಬೊ ಇಲ್ಲದ ಇಂಥ ಎಂಜಿನ್ನಿಗೆ ಲೀಟರಿಗೆ 90ರಿಂದ 100 ನ್ಯೂಟನ್ ಮೀಟರ್ ಸಹಜ. ನಿಮ್ಮ ಟಾರ್ಕ್ ಅಂಕಿಯಲ್ಲಿ ತಪ್ಪಿಲ್ಲ.

ಪ್ರಶ್ನೆ: ಮೇಲಿನಂಥದೇ ಏಳು ಸೀಟಿನ 1.2 ಲೀಟರ್ ಕಾರು, ಮೊದಲ ಗೇರಿನ ಅನುಪಾತ 3.5, ಎರಡನೆಯದು 1.9, ಐದನೆಯದು 0.8, ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೆಯ ಗೇರ್) 4.3. ಹೆದ್ದಾರಿಯಲ್ಲಿ ಒಳ್ಳೆಯ ಅಂಕ ಬಂತು, ‘ನಂದಿಬೆಟ್ಟ ಹತ್ತುವುದಿಲ್ಲ’ ಎಂದು ಕಳೆದರು. 85 ಪಿ.ಎಸ್. ಸಾಲದೆ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಪಿ.ಎಸ್. ಸಾಕು, ಗೇರು ತಪ್ಪಿದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ 100 ಕಿ.ಮೀ. ವೇಗಕ್ಕೆ ಗಾಳಿಯ ತಡೆ ಸುಮಾರು 370 ನ್ಯೂಟನ್, ಟಯರ್ ಉರುಳುವ ತಡೆ 200. ಚಕ್ರದಲ್ಲಿ 22 ಪಿ.ಎಸ್. ಇದ್ದರೆ ಗಾಡಿ ಓಡುತ್ತದೆ. ಐದನೇ ಗೇರಿನಲ್ಲಿ 3000 ಆರ್‌ಪಿಎಂಗೆ 99 ಕಿ.ಮೀ. ಬರುತ್ತದೆ, ಅದೂ ಸರಿ.

ಬೆಟ್ಟದಲ್ಲಿ ಲೆಕ್ಕವೇ ಬೇರೆ. 100 ಮೀಟರಿಗೆ 10 ಮೀಟರ್ ಏರುವ ದಾರಿಯಲ್ಲಿ 1700 ಕಿಲೋ ಗಾಡಿಯನ್ನು ಹಿಂದಕ್ಕೆಳೆಯುವ ಬಲ 1660 ನ್ಯೂಟನ್. ಉರುಳುವ ತಡೆ, ಗಾಳಿ ಸೇರಿ 1920. 40 ಕಿ.ಮೀ. ವೇಗ ಹಿಡಿಯಲು, ಗೇರ್‌ಬಾಕ್ಸಿನಲ್ಲಿ ಶೇ. 15 ಸೋರಿಕೆ ಕಳೆದು, ಎಂಜಿನ್ನು 25 ಕಿಲೋವ್ಯಾಟ್ ಕೊಡಬೇಕು. ನಂದಿಬೆಟ್ಟದ ತುದಿ 1478 ಮೀಟರ್. ಅಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ನು ಸುಮಾರು ಶೇ. 13 ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ ಎರಡನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ 2870 ಆರ್‌ಪಿಎಂ. ಅಲ್ಲಿ 100 ನ್ಯೂಟನ್ ಮೀಟರ್ ಇದ್ದದ್ದು 87 ಆಗಿ, ಸಿಗುವುದು 26 ಕಿಲೋವ್ಯಾಟ್. ಕಷ್ಟಪಟ್ಟು ಹತ್ತುತ್ತದೆ.

ತಿರುವಿನಲ್ಲಿ 20 ಕಿ.ಮೀ.ಗೆ ಇಳಿದಿರೋ, ಎಂಜಿನ್ನು 1430 ಆರ್‌ಪಿಎಂಗೆ ಬೀಳುತ್ತದೆ. ಅಲ್ಲಿ 70 ನ್ಯೂಟನ್ ಮೀಟರ್ ಸಿಕ್ಕರೆ ಚಕ್ರಕ್ಕೆ ಮುಟ್ಟುವುದು 1620 ನ್ಯೂಟನ್. ಬೇಕಾದದ್ದು 1860ಕ್ಕೂ ಮೇಲೆ. ಗಾಡಿ ನಡುಗಿ ನಿಲ್ಲುತ್ತದೆ. ಡ್ರೈವರ್ ಮೊದಲ ಗೇರಿಗೆ ಬರಬೇಕು, ಹಿಂದೆ ಇನ್ನೊಂದು ಗಾಡಿ ಅಂಟಿಕೊಂಡಿರುತ್ತದೆ, ಹಾಫ್ ಕ್ಲಚ್ಚಿನಲ್ಲಿ ಕ್ಲಚ್ ಪ್ಲೇಟ್ ಸುಡುತ್ತದೆ. ಎರಡನೇ ಗೇರನ್ನು 2.1 ಮಾಡಿ, ಫೈನಲ್ ಡ್ರೈವನ್ನು 4.6ಕ್ಕೆ ಏರಿಸಿ. ಹೆದ್ದಾರಿಯ ಆರ್‌ಪಿಎಂ ಹೆಚ್ಚದಿರಲು ಐದನೆಯದನ್ನು 0.75ಕ್ಕೆ ಇಳಿಸಿ. ಅದೇ ತಿರುವಿನಲ್ಲಿ ಆಗ 1690 ಆರ್‌ಪಿಎಂ ಇರುತ್ತದೆ, ಟಾರ್ಕ್ 70ರಲ್ಲೇ ನಿಂತರೂ ಚಕ್ರಕ್ಕೆ 1900 ನ್ಯೂಟನ್ ಮುಟ್ಟುತ್ತದೆ.

ಇಳಿಯುವುದನ್ನೂ ಬರೆಯಿರಿ. 1700 ಕಿಲೋ ಗಾಡಿ 500 ಮೀಟರ್ ಇಳಿದರೆ 83 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಬರೀ ಬ್ರೇಕಿಗೆ ಹೋದರೆ ಡಿಸ್ಕ್ ಕೆಂಪಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎರಡನೇ ಗೇರು ಗಿಡ್ಡವಾಗಿದ್ದರೆ, ಅಂದರೆ ಅದರ ಅನುಪಾತ ದೊಡ್ಡದಾಗಿದ್ದರೆ, ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ.

ಪ್ರಶ್ನೆ: ಮುಂದಿನ ಸುತ್ತಿಗೆ ಬೇಡಿಕೆ ಬರೆಯುವ ಸರದಿ ನನ್ನದು. ಏನು ಇರಲೇಬೇಕು?
— ಓದುಗರು, ತುಮಕೂರು

ಉತ್ತರ: ‘ಆರಾಮವಾಗಿರಬೇಕು, ಸುರಕ್ಷಿತವಾಗಿರಬೇಕು’ ಎಂದು ಬರೆಯಬೇಡಿ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಮನೆಯ ಒಂದು ವಾರ ಬರೆಯಿರಿ. ದಿನಾ ಕ್ಯಾತ್ಸಂದ್ರದಿಂದ ಮಕ್ಕಳನ್ನು ಶಾಲೆಗೆ ಬಿಡುವುದು, ತಿಂಗಳಿಗೊಮ್ಮೆ ಹೆದ್ದಾರಿ 48ರಲ್ಲಿ ಬೆಂಗಳೂರು, ದೇವರಾಯನದುರ್ಗಕ್ಕೆ ವರ್ಷಕ್ಕೆ ಎರಡು ಸಲ, ತೋಟದಿಂದ ಎರಡು ಮೂಟೆ ತೆಂಗಿನಕಾಯಿ, ಅಜ್ಜಿಗೆ ಮಂಡಿನೋವು, ಮನೆ ಮುಂದಿನ ಗೇಟು ಕಿರಿದು. ಆಮೇಲೆ ಒಂದೊಂದಕ್ಕೂ ಅಂಕಿ ಕೊಡಿ. ಅಜ್ಜಿಗೆ ಸೀಟಿನ ಎತ್ತರ ನೆಲದಿಂದ 550ರಿಂದ 600 ಮಿ.ಮೀ. ಇರಲಿ. ಅದಕ್ಕಿಂತ ತಗ್ಗಾದರೆ ಏಳುವಾಗ ಮಂಡಿಗೆ ಭಾರ, ಎತ್ತರವಾದರೆ ಹತ್ತುವಾಗ ಕಷ್ಟ. ಗೇಟಿಗೆ ಕನ್ನಡಿ ಸೇರಿ ಅಗಲ ಕೇಳಿ. ಮೂಟೆಗೆ ಡಿಕ್ಕಿಯ ಹೊಸ್ತಿಲ ಎತ್ತರ ಕೇಳಿ, ಬರೀ ಲೀಟರ್ ಅಲ್ಲ.

ಯಾವ ವರ್ಷದ ಕಾರು, ಯಾವ ಪೆಟ್ರೋಲ್, ತೆರಿಗೆ ಸೇರಿ ಎಷ್ಟು ಬೆಲೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ದಾಟಬಾರದ ಮಿತಿ ಯಾವುದು, ಅಂಕ ತರುವುದು ಯಾವುದು ಎಂದು ಬಿಡಿಸಿ ಬರೆಯಿರಿ. ಸಂದೇಹ ಕೇಳಲು ಮೂರು ದಿನ ಕೊಡಿ. ಆಮೇಲೆ ಒಂದಕ್ಷರವೂ ಬದಲಾಗಬಾರದು. ಕೆಲಸ ಶುರುಮಾಡಿದವರಿಗೆ ನಡುವೆ ನಿಯಮ ಬದಲಿಸುವಷ್ಟು ದೊಡ್ಡ ಅನ್ಯಾಯ ಈ ಸ್ಪರ್ಧೆಗಳಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಹನ್ನೊಂದು ಕಾರು ಬಂದಿದ್ದವು. ಮೈಲೇಜಿಗೆ ಅತಿ ಕಡಿಮೆಗೆ 0, ಅತಿ ಹೆಚ್ಚಿಗೆ 10 ಅಂಕ ಎಂದು ಹಂಚಿದೆವು. ಗೆದ್ದ ಕಾರು ಯಾರಿಗೂ ಒಪ್ಪಿಗೆಯಾಗಲಿಲ್ಲ. ಇಬ್ಬರು ತೀರ್ಪುಗಾರರಿದ್ದೆವು.
— ಓದುಗರು, ಕೋಲಾರ

ಉತ್ತರ: ಹತ್ತು ಕಾರುಗಳ ಮೈಲೇಜ್ 17ರಿಂದ 20 ಇದ್ದು, ಒಬ್ಬರು 29 ಎಂದು ಬರೆದರೆ ಏನಾಗುತ್ತದೆ ನೋಡಿ. ಅವರಿಗೆ 10, ಉಳಿದ ಎಲ್ಲರಿಗೂ 0ಯಿಂದ 2.5ರೊಳಗೆ. ಒಬ್ಬರ ಉತ್ಪ್ರೇಕ್ಷೆ ಉಳಿದ ಹತ್ತು ಜನರ ಅಂಕವನ್ನು ತುಳಿಯುತ್ತದೆ. ಅಳತೆಯ ಎರಡೂ ತುದಿಯನ್ನು ಬೇಡಿಕೆ ಬರೆಯುವಾಗಲೇ ನೆಡಿ: 14ಕ್ಕೆ 0, 22ಕ್ಕೆ 10, ಅದಕ್ಕಿಂತ ಮೇಲೆ ಎಷ್ಟಿದ್ದರೂ 10. ಆಗ 17ಕ್ಕೆ 3.75, 20ಕ್ಕೆ 7.5 ಬರುತ್ತದೆ. ಕಾರು ಕಾರಿನ ನಡುವಿನ ಅಂತರ ಕಾಣುತ್ತದೆ.

ಅಂಕದ ತೂಕವೂ ಕುಟುಂಬದಿಂದಲೇ ಬರಲಿ. ಜಾಗಕ್ಕೆ 25, ಬೆಲೆ ಮತ್ತು ನಿರ್ವಹಣೆಗೆ 25, ಸುರಕ್ಷತೆಗೆ 20, ಸವಾರಿಯ ಆರಾಮಕ್ಕೆ 15, ರೂಪಕ್ಕೆ 10, ಓಟಕ್ಕೆ 5 ಎಂಬುದು ಏಳು ಜನರ ಮನೆಗೆ ನ್ಯಾಯವಾದ ಹಂಚಿಕೆ ಎಂದು ನಮ್ಮ ಅಭಿಪ್ರಾಯ. ಓಟಕ್ಕೆ 20 ಕೊಟ್ಟರೆ ಗೆಲ್ಲುವುದು ತೀರ್ಪುಗಾರರಿಗೆ ಇಷ್ಟವಾದ ಕಾರು, ಅಜ್ಜಿಗೆ ಬೇಕಾದ ಕಾರಲ್ಲ.

ಸುರಕ್ಷತೆಯಲ್ಲಿ ‘5 ಸ್ಟಾರ್’ ಎಂಬ ಹೇಳಿಕೆಗೆ ಅಂಕ ಕೊಡಬೇಡಿ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಸ್ಟಾರ್ ಸಿಗಬೇಕಾದರೆ ನಿಜವಾದ ಕಾರನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಬೇಕು. ಚಿತ್ರದ ಕಾರನ್ನು ಗುದ್ದಿಸಲಾಗದು. ಇರುವುದನ್ನು ಎಣಿಸಿ: ಏರ್‌ಬ್ಯಾಗ್ ಎಷ್ಟು, ಏಳೂ ಸೀಟಿಗೆ ಮೂರು ಕಡೆ ಬಿಗಿಯುವ ಬೆಲ್ಟ್ ಇದೆಯೇ, ಮಗುವಿನ ಸೀಟಿಗೆ ಐಸೋಫಿಕ್ಸ್ ಕೊಂಡಿ ಎಷ್ಟು ಕಡೆ, ಮೂರನೇ ಸಾಲಿನವರ ತಲೆಯಿಂದ ಹಿಂಗಾಜಿಗೆ ಎಷ್ಟು ಅಂತರ.

ಇಬ್ಬರು ತೀರ್ಪುಗಾರರು ಬೇರೆಬೇರೆ ಕೂತು ಅಂಕ ಹಾಕಿ. ಕಾರಿಗೆ ಹೆಸರಿನ ಬದಲು ಸಂಖ್ಯೆ ಇರಲಿ. ಹತ್ತರಲ್ಲಿ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಕಡೆ ಮಾತ್ರ ಕೂತು ಮಾತಾಡಿ. ಸುಮ್ಮನೆ ಸರಾಸರಿ ತೆಗೆದರೆ ಒಬ್ಬರ ಕಣ್ತಪ್ಪು ಹಾಗೇ ಉಳಿಯುತ್ತದೆ. ಸೋತ ಪ್ರತಿಯೊಂದು ಕಾರಿಗೂ ಎರಡು ಸಾಲು ಕಾರಣ ಬರೆಯಲೇಬೇಕು.

ಪ್ರಶ್ನೆ: 1985ರ ಕಾರು ಎಂದು ಕೇಳಿದ್ದಾರೆ. ಏನೇನು ಹಾಕಬಾರದು?
— ಓದುಗರು, ತಿಪಟೂರು

ಉತ್ತರ: ಆಗ ರಸ್ತೆಯಲ್ಲಿದ್ದವನ್ನು ನೆನೆಯಿರಿ. 1489 ಸಿ.ಸಿ. ಅಂಬಾಸಿಡರ್, 1089 ಸಿ.ಸಿ. ಪ್ರೀಮಿಯರ್ ಪದ್ಮಿನಿ, ಎರಡಕ್ಕೂ ಹಿಂದಿನ ಚಕ್ರದ ಚಾಲನೆ, ಸ್ಟಿಯರಿಂಗ್ ಪಕ್ಕದ ಗೇರ್ ಕೋಲು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ 796 ಸಿ.ಸಿ., ಮೂರು ಸಿಲಿಂಡರ್, ಮುಂದಿನ ಚಕ್ರದ ಚಾಲನೆ, ನಾಲ್ಕು ಗೇರು. ಕಾರ್ಬ್ಯುರೇಟರ್, ರೆಕ್ಸಿನ್ ಸೀಟು ಸರಿ. ಬಂಕಿನಲ್ಲಿ 87 ಮತ್ತು 93 ಆಕ್ಟೇನ್ ಸಿಗುತ್ತಿತ್ತು. 87ಕ್ಕೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಅಮುಕುವ ಪ್ರಮಾಣ) 8.5 ದಾಟಿಸಿದರೆ ಏರಿನಲ್ಲಿ ಎಂಜಿನ್ನು ಬಡಿಯುತ್ತದೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಡ, ಅದು ನಾಲ್ಕು ಮಹಾನಗರಗಳಿಗೆ ಬಂದದ್ದೇ 1995ರಲ್ಲಿ. ಸೀಸ ಬೆರೆತ ಪೆಟ್ರೋಲಿನಲ್ಲಿ ಅದು ಬೇಗ ಹಾಳಾಗುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ 1978ರಲ್ಲೇ ಮರ್ಸಿಡಿಸ್‌ಗೆ ಬಂದಿತ್ತು, ನಿಜ. ನಿಮ್ಮ ಬೆಲೆಯ ಮನೆಗಾಡಿಗೆ ಹಾಕಿದರೆ ಯಾವ ತೀರ್ಪುಗಾರರೂ ಒಪ್ಪುವುದಿಲ್ಲ.

ಪ್ರಶ್ನೆ: ರೂಪಕ್ಕೆ ಯಾವಾಗಲೂ ಕಡಿಮೆ ಅಂಕ ಬರುತ್ತದೆ. ದೀಪ, ಗ್ರಿಲ್ ಎಲ್ಲ ಚೆನ್ನಾಗಿಯೇ ಇರುತ್ತವೆ.
— ಓದುಗರು, ಶಿರಾ

ಉತ್ತರ: ಮುಖದಿಂದ ಶುರುಮಾಡಬೇಡಿ. ಮೊದಲು ಪಕ್ಕದ ನೋಟ ಬರೆಯಿರಿ: ಎರಡು ಚಕ್ರ, ಗಾಜಿನ ಕೆಳಗೆರೆ, ಚಾವಣಿ, ಅಷ್ಟೇ. ಈ ಅಳತೆಯ ಏಳು ಸೀಟಿನ ಕಾರಿನಲ್ಲಿ ಚಕ್ರಗಳ ನಡುವಿನ ಅಂತರ ಟಯರಿನ ವ್ಯಾಸದ ನಾಲ್ಕು ಪಟ್ಟಿಗಿಂತ ತುಸು ಹೆಚ್ಚಿರುತ್ತದೆ. 2636 ವೀಲ್‌ಬೇಸ್, 621 ಮಿ.ಮೀ. ಟಯರ್ ಹಿಡಿದು ನೋಡಿ. ಟಯರ್ ಇನ್ನೂ ಸಣ್ಣದಾದರೆ ಮೈ ದಪ್ಪ, ಕಾಲು ಸಣ್ಣ ಎನಿಸುತ್ತದೆ. ಚಾವಣಿಯನ್ನು ಹಿಂದೆ ಇಳಿಸಬೇಡಿ, ಅಲ್ಲಿ ತಲೆಗಳಿವೆ. ಗಾಜಿನ ಕೆಳಗೆರೆಯನ್ನು ಹಿಂದಕ್ಕೆ ಏರಿಸಬೇಡಿ. ಮೂರನೇ ಸಾಲಿನ ಮಗುವಿಗೆ ಹೊರಗೆ ಕಾಣದಿದ್ದರೆ ವಾಂತಿ ಬರುತ್ತದೆ, ಈ ಅಂಕ ರೂಪದಲ್ಲೂ ಹೋಗುತ್ತದೆ, ಆರಾಮದಲ್ಲೂ ಹೋಗುತ್ತದೆ. ಪಕ್ಕದ ನೋಟ ನಿಂತ ಮೇಲೆ ದೀಪ, ಗ್ರಿಲ್. ಬಾಗಿಲ ಸಂದು, ಹಿಡಿ, ವೈಪರ್, ನಂಬರ್ ಪ್ಲೇಟಿನ ಜಾಗ ಬಿಡಿಸಿ. ನಂಬರ್ ಪ್ಲೇಟಿಗೆ ಜಾಗವಿಲ್ಲದ ಹಿಂಬಾಗಿಲುಗಳೇ ಹೆಚ್ಚು ಬರುತ್ತವೆ. ಶಿರಾಕ್ಕೆ ಕೆಎ 64, ಅದನ್ನೇ ಬರೆದು ಅಂಟಿಸಿ ನೋಡಿ.